ದೋಷ ಹುಡುಕುವ ಸಂಸ್ಥೆ, ಗುಣ ಹಾಡುವ ಗ್ರಂಥಗಳು

ಒಂದು ದೊಡ್ಡ ಸಂಸ್ಥೆಯನ್ನು ಕುರಿತು ಬರೆಯುವುದು ಒಬ್ಬ ಮನುಷ್ಯನನ್ನು ಕುರಿತು ಬರೆಯುವುದಕ್ಕಿಂತ ಕಷ್ಟದ ಕೆಲಸ. ಮನುಷ್ಯನಿಗೆ ಮುಖವಿದೆ, ಮಾತಿದೆ, ಹುಟ್ಟು ಸಾವುಗಳ ಎಲ್ಲೆಯಿದೆ. ಸಂಸ್ಥೆಗೆ ಇರುವುದು ನಿಯಮ, ಕಡತ, ಸಭೆ, ಸಹಿ. ಅದರ ಸ್ವಭಾವ ಯಾರೊಬ್ಬರ ನಡೆಯಲ್ಲಿಯೂ ಪೂರ್ತಿಯಾಗಿ ಕಾಣುವುದಿಲ್ಲ. ಆದುದರಿಂದಲೇ ಬರೆಯುವವರು ಸುಲಭದ ದಾರಿ ಹಿಡಿದು, ಸಂಸ್ಥೆಯ ಕಥೆಯನ್ನು ಒಬ್ಬಿಬ್ಬರು ಮಹಾಪುರುಷರ ಕಥೆಯನ್ನಾಗಿ ಮಾಡಿಬಿಡುತ್ತಾರೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯನ್ನು, ಅಂದರೆ ಮನೆಮಾತಿನ ಇಸ್ರೋವನ್ನು, ಕುರಿತು ಈ ಶತಮಾನದ ಹೊಸ್ತಿಲಿನಿಂದ ಈಚೆಗೆ ಬಂದಿರುವ ಕೆಲವು ಪುಸ್ತಕಗಳನ್ನು ಈ ದೃಷ್ಟಿಯಿಂದ ಓದಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಕನ್ನಡದ ಅಧ್ಯಾಪಕನಿಗೆ ರಾಕೆಟ್ಟಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ರಾಕೆಟ್ಟಿನ ವಿದ್ಯೆ ನನಗೆ ತಿಳಿಯದು. ಅದನ್ನು ಕುರಿತು ತೀರ್ಪು ಕೊಡುವ ಅಧಿಕಾರವೂ ನನಗಿಲ್ಲ. ಆದರೆ ಪುಸ್ತಕ ಪುಸ್ತಕವೇ. ಅದನ್ನು ಬರೆದವರು ಕವಿಯಾಗಲಿ ವಿಜ್ಞಾನಿಯಾಗಲಿ, ಯಾವುದನ್ನು ಕಂಡರು, ಯಾವುದನ್ನು ಕಾಣದೆ ಹೋದರು, ಕಂಡದ್ದನ್ನು ಯಾವ ಅಳತೆಯಲ್ಲಿ ಹೇಳಿದರು ಎಂದು ಕೇಳುವುದು ಸಾಹಿತ್ಯದ ಓದುಗನ ಹಕ್ಕು. ಇನ್ನೊಂದು ಕಾರಣವೂ ಉಂಟು. ಈ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ನಮ್ಮ ಊರಿನಲ್ಲಿ. ನಮ್ಮೂರಿನ ಒಂದು ದೊಡ್ಡ ಸಂಗತಿ ಭಾಷೆಯಲ್ಲಿ ಹೇಗೆ ಮೂಡಿದೆ ಎಂಬುದು ನಮಗೆ ಪರಸ್ಥಳದ ವಿಷಯವಲ್ಲ.

1

ಮೊದಲು ಸಂಸ್ಥೆಯ ಮೈಕಟ್ಟನ್ನು ಸ್ಥೂಲವಾಗಿ ನೋಡೋಣ. 1962ರಲ್ಲಿ ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿ ಒಂದು ಸಮಿತಿಯಾಗಿ ಕೆಲಸ ಆರಂಭವಾಯಿತು. ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ಟು ಹಾರಿತು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು. 1971ರ ಡಿಸೆಂಬರ್ 30ರಂದು ವಿಕ್ರಮ ಸಾರಾಭಾಯಿ ಅಕಾಲದಲ್ಲಿ ತೀರಿಕೊಂಡರು. ಮರುವರ್ಷ, ಆಗ ಅಮೆರಿಕದಲ್ಲಿದ್ದ ಸತೀಶ್ ಧವನ್ ಅವರನ್ನು ಪ್ರಧಾನಿ ಇಂದಿರಾ ಗಾಂಧಿ ಕರೆಸಿಕೊಂಡರು. ಧವನ್ ಎರಡು ಷರತ್ತು ಹಾಕಿದರೆಂಬುದು ಪ್ರಸಿದ್ಧ: ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿ ತಾನು ಮುಂದುವರಿಯಬೇಕು, ಬಾಹ್ಯಾಕಾಶದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ದೇಶದ ಒಂದು ಇಲಾಖೆ ದೆಹಲಿಯ ಹವೆಯಿಂದ ದೂರವಾಗಿ ನಮ್ಮ ಊರಿನಲ್ಲಿ ಬೇರೂರಿದುದು ಹೀಗೆ.

1972ರಲ್ಲಿಯೇ ಬಾಹ್ಯಾಕಾಶ ಆಯೋಗ, ಬಾಹ್ಯಾಕಾಶ ಇಲಾಖೆಗಳು ಏರ್ಪಟ್ಟವು. ನೀತಿಯನ್ನು ಹೇಳುವುದು ಆಯೋಗ. ಸರ್ಕಾರದ ಹಣ, ಹೊಣೆಗಳನ್ನು ಹೊರುವುದು ಇಲಾಖೆ. ಕೆಲಸ ಮಾಡುವುದು ಇಸ್ರೋ. ಆದರೆ ಆಯೋಗದ ಅಧ್ಯಕ್ಷ, ಇಲಾಖೆಯ ಕಾರ್ಯದರ್ಶಿ, ಇಸ್ರೋದ ಅಧ್ಯಕ್ಷ ಈ ಮೂರು ಪೀಠಗಳಲ್ಲಿ ಕೂರುವವನು ಒಬ್ಬನೇ. ಒಂದೇ ತಲೆಗೆ ಮೂರು ಪೇಟ. ನಮ್ಮ ಸಾಮಾನ್ಯ ಸರ್ಕಾರಿ ಅನುಭವವನ್ನು ನೆನೆದರೆ ಇದರ ಗುಣ ಹೊಳೆಯುತ್ತದೆ. ಇಂಜಿನಿಯರ್ ಕೇಳಿದ್ದನ್ನು ಗುಮಾಸ್ತ ಪ್ರಶ್ನಿಸಿ, ಗುಮಾಸ್ತನ ಟಿಪ್ಪಣಿಯನ್ನು ಅಧೀನ ಕಾರ್ಯದರ್ಶಿ ಹಿಂದಿರುಗಿಸಿ, ಕಡತ ಆಷಾಢದಿಂದ ಆಷಾಢಕ್ಕೆ ಮೇಜಿನಿಂದ ಮೇಜಿಗೆ ಪಯಣ ಮಾಡುವ ಪದ್ಧತಿ ಇಲ್ಲಿ ಬಹಳ ಮಟ್ಟಿಗೆ ತಪ್ಪಿತು. ದೋಷವೂ ಅಲ್ಲಿಯೇ ಇದೆ. ಮೂರು ಪೇಟಗಳೂ ಒಂದೇ ತಲೆಯ ಮೇಲಿದ್ದಾಗ, ಆ ತಲೆ ತಪ್ಪಿದರೆ ತಿದ್ದುವ ಕೈ ಯಾವುದು? 2005ರ ಆಂಟ್ರಿಕ್ಸ್–ದೇವಾಸ್ ಒಪ್ಪಂದವನ್ನು ಸರ್ಕಾರ 2011ರಲ್ಲಿ ರದ್ದು ಮಾಡಿದಾಗ ಎದ್ದ ಗದ್ದಲದಲ್ಲಿ ಈ ಪ್ರಶ್ನೆಯೂ ಸೇರಿತ್ತು.

ಈ ಮೇಲ್ಕಟ್ಟಿನ ಕೆಳಗೆ ಎರಡು ಬಗೆಯ ಎಳೆಗಳು ಹಾಸುಹೊಕ್ಕಾಗಿವೆ. ಹಾಸು ಎಂದರೆ ಕೇಂದ್ರಗಳು: ತಿರುವನಂತಪುರದಲ್ಲಿ ಉಡಾವಣಾ ವಾಹನ, ಬೆಂಗಳೂರಿನಲ್ಲಿ ಉಪಗ್ರಹ, ಶ್ರೀಹರಿಕೋಟೆಯಲ್ಲಿ ಉಡಾವಣೆ, ಅಹಮದಾಬಾದಿನಲ್ಲಿ ಉಪಯೋಗ. ಹೊಕ್ಕು ಎಂದರೆ ಯೋಜನೆಗಳು. ಯೋಜನಾ ನಿರ್ದೇಶಕನಿಗೆ ಹೆಚ್ಚಿನ ಸ್ವಂತ ಸೈನ್ಯವಿಲ್ಲ; ಅವನು ಎಲ್ಲ ಕೇಂದ್ರಗಳಿಂದ ಜನರನ್ನೂ ಕೆಲಸವನ್ನೂ ಬೇಡಿ ಪಡೆಯಬೇಕು. ಎರಡೂ ಎಳೆಗಳು ಕೂಡುವ ಪ್ರತಿ ಗಂಟಿನಲ್ಲಿಯೂ ಒಂದು ಪರಿಶೀಲನೆ ಇದೆ. ನಕ್ಷೆಯ ಹಂತದಲ್ಲಿ ಒಂದು, ವಿನ್ಯಾಸ ಮುಗಿದಾಗ ಒಂದು, ಪರೀಕ್ಷೆಯ ಬಳಿಕ ಒಂದು, ಉಡಾವಣೆಗೆ ಮುನ್ನ ಸಿದ್ಧತೆಯ ಪರಿಶೀಲನೆ, ಕೊನೆಗೆ ಅನುಮತಿ ಕೊಡುವ ಮಂಡಲಿ. ಇಂಗ್ಲಿಷಿನಲ್ಲಿ ಅವರು ಇದನ್ನು ‘ರಿವ್ಯೂ’ ಎನ್ನುತ್ತಾರೆ. ಪುಸ್ತಕದ ವಿಮರ್ಶೆಗೂ ಆ ಭಾಷೆಯಲ್ಲಿ ಅದೇ ಪದ. ಕೆಲಸ ಮಾಡಿದವನು ಎದುರು ಕುಳಿತಿರುತ್ತಾನೆ. ಆ ಕೆಲಸದಲ್ಲಿ ಕೈಯಿಲ್ಲದ, ಆದರೆ ಆ ವಿದ್ಯೆಯನ್ನು ಬಲ್ಲ ಇತರರು ಅದರಲ್ಲಿ ದೋಷ ಹುಡುಕುತ್ತಾರೆ. ಹುಡುಕುವುದು ಅವರ ಕರ್ತವ್ಯ, ಸಹಿಸುವುದು ಇವನ ಕರ್ತವ್ಯ.

ಇದನ್ನು ಓದಿದಾಗ ನನಗೆ ನೆನಪಾದುದು ಕವಿರಾಜಮಾರ್ಗ. ಒಂಬತ್ತನೆಯ ಶತಮಾನದ ಆ ಕೃತಿ ಇಂದು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು. ಅದರ ಮೊದಲ ಪರಿಚ್ಛೇದದ ಹೆಸರು ದೋಷಾದೋಷಾನುವರ್ಣನ ನಿರ್ಣಯ. ಯಾವುದು ದೋಷ, ಯಾವುದು ಅಲ್ಲ ಎಂಬ ವಿಚಾರದಿಂದ ನಮ್ಮ ಸಾಹಿತ್ಯದ ಬಾಗಿಲು ತೆರೆಯುತ್ತದೆ. ಅಲಂಕಾರದ ಮಾತು ಅದರ ಬಳಿಕ. ಬಾಹ್ಯಾಕಾಶ ಸಂಸ್ಥೆಯ ಒಳಗಿನ ನಡವಳಿಕೆಯೂ ತತ್ತ್ವದಲ್ಲಿ ಇದೇ. ಹಾಗಾದರೆ ಆ ಸಂಸ್ಥೆಯನ್ನು ಕುರಿತ ಪುಸ್ತಕಗಳು ಅದೇ ಮಾರ್ಗದಲ್ಲಿ ನಡೆದಿವೆಯೆ?

2

ಎಲ್ಲರೂ ಓದಿರುವ ಪುಸ್ತಕದಿಂದ ಆರಂಭಿಸೋಣ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಅರುಣ್ ತಿವಾರಿಯವರೊಡನೆ ಸೇರಿ ಬರೆದ ‘ವಿಂಗ್ಸ್ ಆಫ್ ಫೈರ್’ 1999ರಲ್ಲಿ ಹೊರಬಂದಿತು. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಹುಡುಗರಿಗೆ ಬಹುಮಾನವಾಗಿ ಕೊಡುವ ಪುಸ್ತಕಗಳ ಸಾಲಿನಲ್ಲಿ ಅದು ಸೇರಿಹೋಗಿದೆ. ಅದರ ಸತ್ತ್ವವಿರುವುದು ರಾಮೇಶ್ವರದ ಬಾಲ್ಯದಲ್ಲಿ, ತಂದೆಯ ಚಿತ್ರದಲ್ಲಿ, ಗುರುಗಳ ಸ್ಮರಣೆಯಲ್ಲಿ. ಭಕ್ತಿ ಆ ಪುಸ್ತಕದ ಸ್ಥಾಯಿಭಾವ. ಎಸ್‌ಎಲ್‌ವಿ-3ರ ಅಧ್ಯಾಯಗಳಿಗೆ ಬಂದಾಗಲೂ ಲೇಖಕರು ಸಂಸ್ಥೆಯನ್ನು ಗುರುಪರಂಪರೆಯ ಹಾಗೆಯೇ ಕಾಣುತ್ತಾರೆ. ಸಾರಾಭಾಯಿ, ಬ್ರಹ್ಮ ಪ್ರಕಾಶ್, ಧವನ್ ಒಬ್ಬೊಬ್ಬರೂ ಒಂದೊಂದು ಪಾಠ ಕಲಿಸಿ ಹೋಗುವ ಆಚಾರ್ಯರು.

ಈ ಪರಂಪರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಕಥೆಯೊಂದನ್ನು ಕಲಾಂ ಮುಂದೆ ಅನೇಕ ಭಾಷಣಗಳಲ್ಲಿ ಹೇಳಿದರು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದಿತು. ಪತ್ರಕರ್ತರ ಮುಂದೆ ಧವನ್ ತಾವೇ ನಿಂತು ಸೋಲಿನ ಹೊಣೆ ಹೊತ್ತರು. 1980ರ ಜುಲೈ 18ರಂದು ಅದೇ ವಾಹನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರನ್ನು ಎದುರಿಸಲು ಕಲಾಂ ಅವರನ್ನೇ ಮುಂದೆ ಬಿಟ್ಟರು. ಸೋಲು ಹಿರಿಯನದು, ಗೆಲವು ಕಿರಿಯನದು. ಈ ಕಥೆಯನ್ನು ಕೇಳಿ ಯಾರ ಮನಸ್ಸು ತುಂಬುವುದಿಲ್ಲ? ನಮ್ಮ ಕಚೇರಿಗಳಲ್ಲಿ ಇದರ ತಿರುಗುಮುರುಗು ನಡೆಯುವುದನ್ನು ದಿನವೂ ಕಾಣುವ ನಮಗೆ ಇದು ಪುರಾಣದ ಮಾತಿನಂತೆ ಕೇಳುತ್ತದೆ.

ಆದರೆ ವಿಮರ್ಶಕನಾದವನು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ನೀತಿಕಥೆಗೆ ಒಂದು ಸ್ವಭಾವವುಂಟು: ಅದು ನೀತಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಕಳಚಿಬಿಡುತ್ತದೆ. ಇಲ್ಲಿ ಕಳಚಿ ಹೋದುದೇನು? ರಾಕೆಟ್ಟು ಬಿದ್ದ ಕಾರಣ. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿಹೋಗಿತ್ತು. ಉಡಾವಣೆಗೆ ಕೆಲವು ನಿಮಿಷ ಮೊದಲು ಗಣಕಯಂತ್ರ ಎಣಿಕೆಯನ್ನು ನಿಲ್ಲಿಸಿ ಎಚ್ಚರಿಕೆ ಕೊಟ್ಟಿತ್ತು. ಇದ್ದ ದ್ರವ ಸಾಕಾಗುತ್ತದೆಂದು ತಜ್ಞರು ಹೇಳಿದ ಮೇಲೆ ಯಂತ್ರದ ಮಾತನ್ನು ಬದಿಗಿಟ್ಟು ಮುಂದುವರಿದರು. ಇದೂ ಕಲಾಂ ಅವರೇ ಮುಚ್ಚುಮರೆಯಿಲ್ಲದೆ ಹೇಳಿರುವ ಸಂಗತಿ. ಅದಕ್ಕಾಗಿ ಅವರನ್ನು ಮೆಚ್ಚಬೇಕು. ಆದರೆ ಊರೂರಿನ ಶಾಲಾ ವಾರ್ಷಿಕೋತ್ಸವಗಳಲ್ಲಿ ಹೇಳಲ್ಪಡುವುದು ಧವನ್ನರ ಔದಾರ್ಯ ಮಾತ್ರ. ಸೋರಿದ ಆಮ್ಲವನ್ನು ಯಾರೂ ಹೇಳುವುದಿಲ್ಲ. ಸೋಲಿನ ಬಳಿಕ ಹಲವರು ಒಟ್ಟಾಗಿ ಕುಳಿತು, ದಾಖಲೆಗಳನ್ನು ಹರಡಿಕೊಂಡು, ಕವಾಟದಿಂದ ಕವಾಟಕ್ಕೆ ಕಾರಣ ಹುಡುಕಿದ ಕಥೆಯನ್ನಂತೂ ಹೇಳುವವರೇ ಇಲ್ಲ. ಒಬ್ಬ ಹಿರಿಯನ ದೊಡ್ಡ ಮನಸ್ಸಿನಿಂದ ಎರಡನೆಯ ರಾಕೆಟ್ಟು ಹಾರಲಿಲ್ಲ. ಆ ದೊಡ್ಡ ಮನಸ್ಸು ಹೊರಗಿನ ಗಾಳಿಯನ್ನು ತಡೆಯಿತು. ಒಳಗೆ ದೀಪ ಹಿಡಿದು ಹುಡುಕಿದವರು ಬೇರೆ. ಧವನ್ನರ ನಿಜವಾದ ಹಿರಿಮೆ ಇದ್ದುದು ಹುಡುಕುವುದಕ್ಕೆ ಬೇಕಾದ ನೆಮ್ಮದಿಯನ್ನು ಆ ಜನಕ್ಕೆ ದೊರಕಿಸಿದುದರಲ್ಲಿ. ನೀತಿಕಥೆ ಅವರನ್ನು ತ್ಯಾಗಿಯನ್ನಾಗಿ ಮಾಡಿ, ಆಡಳಿತಗಾರನನ್ನಾಗಿ ಕಾಣದಂತೆ ಮಾಡಿತು.

ಎರಡನೆಯ ಪುಸ್ತಕ ಆರ್. ಅರವಮುದನ್ ಅವರು ಪತ್ನಿ ಗೀತಾ ಅರವಮುದನ್ ಅವರೊಡನೆ ಬರೆದ ‘ಇಸ್ರೋ: ಎ ಪರ್ಸನಲ್ ಹಿಸ್ಟರಿ’. ಇದು 2017ರದು. ತುಂಬಾದ ಮೊದಲ ದಿನಗಳಿಂದ ಇದ್ದು, ಮುಂದೆ ಶ್ರೀಹರಿಕೋಟೆಗೂ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೂ ನಿರ್ದೇಶಕರಾದವರು ಅವರು. ಮೊದಲ ಪುಸ್ತಕದ ಕಾವು ಇದರಲ್ಲಿಲ್ಲ. ಆದರೆ ಅದರಲ್ಲಿಲ್ಲದ ಒಂದು ಗುಣ ಇದರಲ್ಲಿದೆ. ಅದು ದಿನಚರಿಯ ಗುಣ. ಸಂತ ಮೇರಿ ಮಗ್ದಲೇನಳ ಇಗರ್ಜಿ ಕಚೇರಿಯಾದುದು, ಊಟ ವಸತಿಗಳ ಪಾಡು, ಸಾರಾಭಾಯಿಯವರು ವಿಮಾನವಿಳಿದು ಬಂದು ರಾತ್ರಿಯವರೆಗೆ ನಡೆಸುತ್ತಿದ್ದ ಮಾತುಕತೆ. ಸಂಸ್ಥೆಯೊಂದು ಹೇಗೆ ಬೆಳೆಯಿತೆಂಬುದನ್ನು ಇಂಥ ಸಣ್ಣ ಸಂಗತಿಗಳಿಂದಲೇ ತಿಳಿಯಬೇಕು. ಪತ್ರಕರ್ತೆಯೊಬ್ಬರ ಕೈ ಕೂಡಿರುವುದರಿಂದ ಬರವಣಿಗೆ ಎಲ್ಲಿಯೂ ತೊಡಕುವುದಿಲ್ಲ. ಕೊರತೆಯೆಂದರೆ, ಕಾಲ ಈಚೆಗೆ ಬಂದಂತೆ, ಸಂಸ್ಥೆ ದೊಡ್ಡದಾದಂತೆ, ಮನುಷ್ಯರು ಚಿಕ್ಕದಾಗುತ್ತಾರೆ. ಉಡಾವಣೆಗಳ ಪಟ್ಟಿ ಕಥೆಯನ್ನು ನುಂಗುತ್ತದೆ. ನಲವತ್ತು ಜನರಿದ್ದಾಗ ಸ್ನೇಹದಿಂದ ನಡೆಯುತ್ತಿದ್ದುದು ಸಾವಿರಾರು ಜನರಾದಾಗ ಯಾವ ಕ್ರಮದಿಂದ ನಡೆಯಿತು ಎಂಬ ಪ್ರಶ್ನೆಗೆ, ಉತ್ತರ ಬಲ್ಲ ಲೇಖಕರೇ ಬೇಗ ಹೆಜ್ಜೆ ಹಾಕಿ ಮುಂದೆ ಹೋಗಿಬಿಡುತ್ತಾರೆ.

ಮೂರನೆಯದು ಪಿ. ವಿ. ಮನೋರಂಜನ್ ರಾವ್ ಮತ್ತಿತರರು ಸಂಪಾದಿಸಿದ ‘ಫ್ರಮ್ ಫಿಶಿಂಗ್ ಹ್ಯಾಮ್ಲೆಟ್ ಟು ರೆಡ್ ಪ್ಲಾನೆಟ್’, 2015ರದು. ಸಂಸ್ಥೆಯವರೇ ಬರೆದ ಲೇಖನಗಳ ಬೃಹತ್ ಸಂಪುಟ. ಚರಿತ್ರಕಾರನಿಗೆ ಇದು ಕಣಜ. ಯಾವ ಕೇಂದ್ರ ಎಂದು ಹುಟ್ಟಿತು, ಯಾವ ಯೋಜನೆಗೆ ಯಾರು ದುಡಿದರು ಎಂಬುದಕ್ಕೆ ಇದನ್ನೇ ನೋಡಬೇಕು. ಆದರೆ ಅಭಿನಂದನ ಗ್ರಂಥದ ದಾಕ್ಷಿಣ್ಯ ಇದಕ್ಕೂ ತಗಲಿದೆ. ಮದುವೆ ಮನೆಯಲ್ಲಿ ನೆಂಟರ ಜಗಳವನ್ನು ಯಾರು ತೆಗೆಯುತ್ತಾರೆ?

3

ಇಂಥ ಬರವಣಿಗೆಯಿಂದ ಏನು ನಷ್ಟ ಎಂಬುದಕ್ಕೆ ಒಂದು ಚಿತ್ರದ ಉದಾಹರಣೆ ಕೊಡುತ್ತೇನೆ. 1981ರ ಆಪಲ್ ಉಪಗ್ರಹ ಎತ್ತಿನ ಗಾಡಿಯ ಮೇಲೆ ಕುಳಿತಿರುವ ಚಿತ್ರವನ್ನು ನೋಡದವರಿಲ್ಲ. ಭಾರತದ ಬಾಹ್ಯಾಕಾಶದ ಮೇಲೆ ಪತ್ರಿಕೆಯವರು ಲೇಖನ ಬರೆದಾಗಲೆಲ್ಲ ಅದು ಅಚ್ಚಾಗುತ್ತದೆ. ಅದರ ಅರ್ಥವೆಂದು ನಮಗೆ ಹೇಳುತ್ತ ಬಂದಿರುವುದು ಇಷ್ಟು: ನಾವು ಎಷ್ಟು ಬಡವರಾಗಿದ್ದೆವು, ಆದರೂ ಎಷ್ಟು ಎತ್ತರಕ್ಕೆ ಏರಿದೆವು. ಎತ್ತಿನ ಗಾಡಿಯಿಂದ ಚಂದ್ರನವರೆಗೆ ಎಂಬುದು ನಮ್ಮ ಶೀರ್ಷಿಕೆಗಳ ಸವಕಲು ನಾಣ್ಯವಾಗಿದೆ.

ಆದರೆ ಗಾಡಿ ಅಲ್ಲಿಗೆ ಬಂದುದು ಲಾರಿಗೆ ಹಣವಿಲ್ಲದೆ ಅಲ್ಲ. ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಾಗಿತ್ತು. ಲೋಹದ ವಾಹನದ ಮೇಲಿಟ್ಟರೆ ರೇಡಿಯೋ ಅಲೆಗಳು ಅದಕ್ಕೆ ತಾಗಿ ಅಳತೆ ಕೆಡುತ್ತಿತ್ತು. ಮರದ ಗಾಡಿಯಲ್ಲಿ ಆ ತೊಡಕು ಕಡಮೆ. ಹೀಗೆ ಯೋಚಿಸಿ ಬಾಡಿಗೆಗೆ ತಂದ ಗಾಡಿ ಅದು. ಅಂದರೆ ಚಿತ್ರದಲ್ಲಿರುವುದು ಬಡತನವಲ್ಲ, ಬುದ್ಧಿ. ಸಮಸ್ಯೆಯನ್ನು ಸರಿಯಾಗಿ ಅರ್ಥಮಾಡಿಕೊಂಡ ಒಬ್ಬ ಇಂಜಿನಿಯರ್, ಹತ್ತಿರದಲ್ಲಿಯೇ ಇದ್ದ ಪರಿಹಾರವನ್ನು ಗುರುತಿಸಿದನು. ಅದಕ್ಕಿಂತ ಮುಖ್ಯವಾಗಿ, ಸರ್ಕಾರಿ ಸಂಸ್ಥೆಯೊಂದು ಎತ್ತಿನ ಗಾಡಿಯ ಬಾಡಿಗೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಲೆಕ್ಕಪತ್ರ ಇಲಾಖೆಗಳನ್ನು ಬಲ್ಲವರಿಗೆ ಈ ಎರಡನೆಯದೇ ಹೆಚ್ಚಿನ ಪವಾಡವಾಗಿ ಕಾಣಬೇಕು. ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ವಾಚ್ಯಾರ್ಥವನ್ನೇ ತಿಳಿಯದೆ ಧ್ವನಿಗೆ ಹಾರಿದುದು ನಮ್ಮ ತಪ್ಪು. ವಾಚ್ಯ ತಪ್ಪಿದ ಮೇಲೆ ಹೊರಟ ಧ್ವನಿಯೂ ಅಪಸ್ವರವೇ.

ಆರ್ಯಭಟದ ಕಥೆಯೂ ಹೀಗೆಯೇ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ, 360 ಕಿಲೋಗ್ರಾಂ ತೂಕದ ಆ ಉಪಗ್ರಹ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ತಗಡಿನ ಮಾಡಿನ ಷೆಡ್ಡಿನ ವರ್ಣನೆ ಎಲ್ಲರ ಬಾಯಲ್ಲೂ ಇದೆ. ಆದರೆ ಉಪಗ್ರಹವನ್ನೇ ನೋಡಿರದ ಇಂಜಿನಿಯರುಗಳನ್ನು ಕಲೆಹಾಕಿ, ಯಾರ ಕೆಲಸ ಯಾರಿಗೆ ತಾಗುತ್ತದೆಂದು ಗೊತ್ತುಮಾಡಿ, ಹೊರದೇಶದ ಉಡಾವಣೆಯ ದಿನಕ್ಕೆ ಸರಿಯಾಗಿ ಒಪ್ಪಿಸಿದ ಏರ್ಪಾಟಿನ ವರ್ಣನೆ ಎಷ್ಟು ಜನಕ್ಕೆ ಗೊತ್ತು? ಷೆಡ್ಡು ಚಿತ್ರಕ್ಕೆ ಸಿಕ್ಕುತ್ತದೆ, ಏರ್ಪಾಟು ಸಿಕ್ಕುವುದಿಲ್ಲ. ಸಿಕ್ಕದುದನ್ನು ಹಿಡಿದು ಕೊಡುವುದಕ್ಕಾಗಿಯೇ ಅಲ್ಲವೆ ಗದ್ಯವಿರುವುದು?

4

ಆಡಳಿತವನ್ನು ಗದ್ಯದಲ್ಲಿ ಹಿಡಿಯುವುದು ಸಾಧ್ಯವೇ ಇಲ್ಲವೆಂದು ಯಾರೂ ಹೇಳಲಾರರು. ಕನ್ನಡದಲ್ಲಿ ಅದಕ್ಕೆ ಒಳ್ಳೆಯ ಪರಂಪರೆಯೇ ಇದೆ. ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಅಮಲ್ದಾರನೊಬ್ಬನ ಕಣ್ಣಿನಿಂದ ಹಳೆಯ ಮೈಸೂರು ಸಂಸ್ಥಾನದ ಆಡಳಿತವನ್ನು ಕಂಡ ಪುಸ್ತಕ. ಅಲ್ಲಿ ಸರ್ಕಾರವೆಂಬುದು ಅಮೂರ್ತ ವಸ್ತುವಲ್ಲ. ಶಾನುಭೋಗ, ಪಟೇಲ, ರೈತ, ಮೇಲಧಿಕಾರಿ ಇವರ ನಡುವಿನ ಮಾತಿನಲ್ಲಿ ಅದು ಉಸಿರಾಡುತ್ತದೆ. ಡಿ.ವಿ.ಜಿ.ಯವರು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮೈಸೂರಿನ ದಿವಾನರಿಗಾಗಿ ಒಂದು ಸಂಪುಟವನ್ನೇ ಮೀಸಲಿಟ್ಟರು. ಗೌರವಕ್ಕೆ ಅಲ್ಲಿ ಕೊರತೆಯಿಲ್ಲ, ಆದರೆ ಗೌರವ ಕಣ್ಣಿಗೆ ಪಟ್ಟಿ ಕಟ್ಟಿಲ್ಲ. ದೊಡ್ಡವರ ದೊಡ್ಡತನವನ್ನೂ ಅವರ ನೀತಿಯ ಮಿತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಧೈರ್ಯ ಅಲ್ಲಿದೆ. ಇನ್ನು ಯಶವಂತ ಚಿತ್ತಾಲರ ‘ಶಿಕಾರಿ’, 1979ರ ಕಾದಂಬರಿ. ಮುಂಬಯಿಯ ಒಂದು ಕಂಪೆನಿಯ ಒಳಗಿನ ವಿಚಾರಣೆ, ಸಂಶಯ, ಹುನ್ನಾರಗಳ ನಡುವೆ ನಾಗಪ್ಪನೆಂಬ ತಂತ್ರಜ್ಞ ಸಿಕ್ಕಿಕೊಳ್ಳುತ್ತಾನೆ. ಸಂಸ್ಥೆ ಮನುಷ್ಯನನ್ನು ಹೇಗೆ ಬೇಟೆಯಾಡಬಲ್ಲದೆಂಬುದನ್ನು ಅಷ್ಟು ತೀವ್ರವಾಗಿ ತೋರಿಸಿದ ಚಿತ್ತಾಲರು ತಾವೇ ರಾಸಾಯನಿಕ ಉದ್ಯಮದ ತಂತ್ರಜ್ಞರಾಗಿದ್ದರೆಂಬುದನ್ನು ನೆನೆಯಬೇಕು. ಒಳಗಿನವನ ತಿಳಿವು, ಹೊರಗಿನವನ ದೂರ ಎರಡೂ ಕೂಡಿದರೆ ಏನಾಗುತ್ತದೆಂಬುದಕ್ಕೆ ಇವರೆಲ್ಲ ಸಾಕ್ಷಿ.

ನಾನು ಇರುವುದು ಟಿನ್ ಫ್ಯಾಕ್ಟರಿಯ ಬಳಿ. ಇಲ್ಲಿ ಬಸ್ಸಿಳಿಯುವ ಸಾವಿರಾರು ಜನರಲ್ಲಿ ಕಾರ್ಖಾನೆಯನ್ನು ಹುಡುಕಿ ಬರುವವರು ಯಾರೂ ಇಲ್ಲ. ಹೆಸರು ಮಾತ್ರ ಕಾರ್ಖಾನೆಯದು. ಈ ಕೂಡುರಸ್ತೆಯನ್ನು ನಡುವೆ ಇಟ್ಟುಕೊಂಡು ಸುತ್ತ ನೋಡಿದರೆ ಬೆಂಗಳೂರಿನ ಪೂರ್ವಭಾಗದ ಚರಿತ್ರೆ ಕಾಣುತ್ತದೆ. ಒಂದು ಕಡೆ ದೂರವಾಣಿನಗರದ ಐ.ಟಿ.ಐ., 1948ರದು. ಇನ್ನೊಂದು ಕಡೆ ಬೈಯಪ್ಪನಹಳ್ಳಿಯಲ್ಲಿ ಮುಚ್ಚಿಹೋದ ಎನ್‌.ಜಿ.ಇ.ಎಫ್. ಹೊರವರ್ತುಲ ರಸ್ತೆ ಹಿಡಿದು ತೆಂಕಣಕ್ಕೆ ಹೋದರೆ ಮಾರತಹಳ್ಳಿಗೆ ಮುನ್ನ ಇಸ್ರೋದ ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ದೊಡ್ಡ ಆವರಣ. ಅದರಾಚೆ ವಿಮಾನಪುರದಲ್ಲಿ ಎಚ್.ಎ.ಎಲ್., ಈಗ ಯು. ಆರ್. ರಾವ್ ಅವರ ಹೆಸರನ್ನು ಹೊತ್ತಿರುವ ಉಪಗ್ರಹ ಕೇಂದ್ರ. ರಾಕೆಟ್ಟಿನ ಒಡಲಿನ ಭಾಗಗಳು ಎಚ್.ಎ.ಎಲ್.ನಲ್ಲಿ ತಯಾರಾಗುತ್ತವೆ, 2022ರಲ್ಲಿ ಕ್ರಯೋಜೆನಿಕ್ ಎಂಜಿನ್ನುಗಳ ತಯಾರಿಕೆಗೂ ಅಲ್ಲಿ ಕಟ್ಟಡವೆದ್ದಿತು. ಈ ಕೆಲಸದಲ್ಲಿ ಕೈಯಿಟ್ಟ ಫಿಟ್ಟರು, ಟರ್ನರು, ವೆಲ್ಡರು, ತಪಾಸಣೆಗಾರ ಇವರೆಲ್ಲ ನಮ್ಮ ಬೀದಿಗಳವರು. ಇವರ ಕಾಲೋನಿಗಳಲ್ಲಿ ರಾಜ್ಯೋತ್ಸವ ನಡೆಯುತ್ತದೆ, ನಾಟಕ ನಡೆಯುತ್ತದೆ. ಆದರೆ ನಾನು ಮೇಲೆ ಹೇಳಿದ ಮೂರು ಪುಸ್ತಕಗಳಲ್ಲಿ ಕಥೆಯನ್ನು ನಡೆಸುವವರು ನಿರ್ದೇಶಕರು, ವಿಜ್ಞಾನಿಗಳು. ಈ ಕೈಗಳು ತೆರೆಯ ಹಿಂದೆಯೇ ಉಳಿದಿವೆ.

ನಮ್ಮ ಬೀದಿಯಲ್ಲಿಯೇ ಅಂಥ ಒಬ್ಬ ನಿವೃತ್ತ ತಪಾಸಣೆಗಾರರಿದ್ದಾರೆ. ಸಾರ್ವಜನಿಕ ಉದ್ದಿಮೆಯೊಂದರಲ್ಲಿ ಮೂವತ್ತು ವರ್ಷ ಗೇಜು ಹಿಡಿದವರು. ಒಮ್ಮೆ ಮಾತಿಗೆ ಮಾತು ಬಂದಾಗ ಅವರು ಹೇಳಿದರು: “ನಮ್ಮ ಕೆಲಸ ಅಂದ್ರೆ ಇಷ್ಟೇ ಮೇಷ್ಟ್ರೆ, ಸ್ನೇಹಿತ ಮಾಡಿದ ಪೀಸನ್ನ ಬೇಡ ಅನ್ನೋದು. ಬೇಡ ಅಂದ ಮೇಲೂ ಅವನ ಜೊತೆ ಕ್ಯಾಂಟೀನಲ್ಲಿ ಕಾಫಿ ಕುಡಿಯೋದು.” ಸಂಸ್ಥೆಯ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವಾಕ್ಯವನ್ನು ನಾನು ಆ ಪುಸ್ತಕಗಳಲ್ಲಿ ಓದಲಿಲ್ಲ. ನಮ್ಮ ಸಾಹಿತ್ಯ ವಲಯದಲ್ಲಿ ಬೇಡವೆಂದ ಮೇಲೆ ಕಾಫಿ ಕುಡಿಯುವವರು ಎಷ್ಟು ಜನರಿದ್ದಾರೆಂಬುದನ್ನು ವಾಚಕರ ಊಹೆಗೆ ಬಿಡುತ್ತೇನೆ.

5

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಳಗೆ ಅಷ್ಟು ಕಠಿಣವಾದ ದೋಷವಿಚಾರವನ್ನು ಇಟ್ಟುಕೊಂಡಿರುವ ಸಂಸ್ಥೆ, ಹೊರಗೆ ಅದನ್ನು ಹೇಳಿಕೊಳ್ಳಲು ಏಕೆ ಸಂಕೋಚಪಡಬೇಕು?

2019ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಯಾನ-2ರ ಇಳಿನೌಕೆ ಚಂದ್ರನ ನೆಲಕ್ಕೆ ಬಡಿದುದನ್ನು ದೇಶವೆಲ್ಲ ಎಚ್ಚರವಿದ್ದು ನೋಡಿತು. ಸಂಪರ್ಕ ತಪ್ಪಿತೆಂಬುದು ಅಂದು ಕೇಳಿಬಂದ ಮಾತು. ಅದೇ ನವೆಂಬರಿನಲ್ಲಿ ಲೋಕಸಭೆಗೆ ಕೊಟ್ಟ ಉತ್ತರದಲ್ಲಿ, ಎರಡನೆಯ ಹಂತದಲ್ಲಿ ವೇಗ ನಿರೀಕ್ಷೆಗಿಂತ ಹೆಚ್ಚಾಗಿ ತಗ್ಗಿದುದರಿಂದ ನೌಕೆ ಗೊತ್ತಾದ ಸ್ಥಳದ 500 ಮೀಟರ್ ಒಳಗೆ ಬಿರುಸಾಗಿ ಬಡಿಯಿತೆಂದು ತಿಳಿಸಲಾಯಿತು. ಕೆಲವೇ ಸಾಲಿನ ಉತ್ತರ. ಪೂರ್ಣ ವಿವರಣೆ ಸಾರ್ವಜನಿಕರ ಕಿವಿಗೆ ಬಿದ್ದುದು 2023ರಲ್ಲಿ, ಚಂದ್ರಯಾನ-3 ಹೊರಡುವ ಕಾಲಕ್ಕೆ. ಎಂಜಿನ್ನುಗಳ ತಳ್ಳು ಎಣಿಸಿದ್ದಕ್ಕಿಂತ ಹೆಚ್ಚಾಯಿತು, ತಪ್ಪುಗಳು ಕೂಡುತ್ತ ಹೋದವು, ತಿದ್ದಿಕೊಳ್ಳಲು ನೌಕೆ ಬೇಗ ತಿರುಗಬೇಕಾದಾಗ ಅದರ ಕ್ರಮವಿಧಿ ಅಡ್ಡ ಬಂದಿತು, ಇಳಿಯಲು ಗೊತ್ತುಮಾಡಿದ ಜಾಗವೂ ತೀರ ಚಿಕ್ಕದಾಗಿತ್ತು ಎಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಸ್ಪಷ್ಟವಾಗಿ ಹೇಳಿದರು. ಈ ಸಲ ಗೆಲ್ಲುವುದು ಹೇಗೆಂದು ಕೇಳಿಕೊಳ್ಳುವ ಬದಲು ಯಾವ ಯಾವ ಬಗೆಯಲ್ಲಿ ಸೋಲಬಹುದೆಂದು ಕೇಳಿಕೊಂಡು ನೌಕೆಯನ್ನು ರಚಿಸಿದ್ದೇವೆ ಎಂಬುದು ಅವರ ಮಾತಿನ ತಾತ್ಪರ್ಯ. ಆಗಸ್ಟ್ 23ರಂದು ನೌಕೆ ಇಳಿಯಿತು. ದೋಷಾನುವರ್ಣನದ ಪರಿಚ್ಛೇದವನ್ನು ಓದಿ ಮುಗಿಸಿದವರಿಗೆ ದೊರೆತ ಜಯ ಅದು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಸೋಮನಾಥ್ ಮಲಯಾಳದಲ್ಲಿ ಆತ್ಮಕಥೆ ಬರೆದರು. ‘ನಿಲಾವು ಕುಡಿಚ್ಚ ಸಿಂಹಂಙಳ್’, ಎಂದರೆ ಬೆಳುದಿಂಗಳು ಕುಡಿದ ಸಿಂಹಗಳು. ಚಂದ್ರಯಾನ-2ರ ಸೋಲನ್ನು ಪ್ರಕಟಿಸಿದಾಗ ಮಾತಿನಲ್ಲಿ ಸ್ಪಷ್ಟತೆ ಇರಲಿಲ್ಲವೆಂದು ಅದರಲ್ಲಿ ಹೇಳಿತ್ತು. ಹಿಂದಿನ ಅಧ್ಯಕ್ಷರ ಮೇಲೆ ಆಕ್ಷೇಪ ಹೊರಿಸಿದ್ದಾರೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಯಾರನ್ನೂ ಗುರಿಯಾಗಿಟ್ಟು ಬರೆದುದಲ್ಲವೆಂದು ಲೇಖಕರು ಸಮಜಾಯಿಷಿ ಕೊಟ್ಟರು. 2023ರ ನವೆಂಬರಿನಲ್ಲಿ ಪುಸ್ತಕವನ್ನು ಹಿಂತೆಗೆದುಕೊಂಡರು.

ಇದು ನನ್ನನ್ನು ಚಿಂತೆಗೀಡುಮಾಡಿದ ಸಂಗತಿ. ಲೇಖಕರನ್ನು ದೂರುವುದು ನನ್ನ ಉದ್ದೇಶವಲ್ಲ. ಅಧಿಕಾರದಲ್ಲಿದ್ದುಕೊಂಡು ಬರೆದ ಪುಸ್ತಕಕ್ಕೆ ಇರುವ ಕಷ್ಟ ನಮಗೆ ಅರ್ಥವಾಗುವಂಥದೇ. ದೂರು ನಮ್ಮ ಮೇಲೆ, ವಾಚಕರಾದ ನಮ್ಮ ಮೇಲೆ. ಪರಿಶೀಲನೆಯ ಸಭೆಯಲ್ಲಿ ಸಹಜವೆನಿಸುವ ಮಾತು ಪುಸ್ತಕದ ಪುಟದಲ್ಲಿ ಅಪರಾಧವೆನಿಸುವುದು ಏಕೆ? ಏಕೆಂದರೆ ಸಂಸ್ಥೆಯನ್ನು ನಾವು ಸಂಸ್ಥೆಯೆಂದು ಓದುತ್ತಿಲ್ಲ. ಅದು ನಮಗೆ ದೇವಸ್ಥಾನ, ಅದರ ಅಧ್ಯಕ್ಷ ಅರ್ಚಕ. ದೇವಸ್ಥಾನದಲ್ಲಿ ದೋಷ ಹೇಳುವವನು ದ್ರೋಹಿ. ಈ ಭಕ್ತಿಯನ್ನು ಬೆಳೆಸಿದುದು ನಮ್ಮ ಪುಸ್ತಕಗಳು, ನಮ್ಮ ಪತ್ರಿಕೆಗಳು, ನಮ್ಮ ಬಹುಮಾನ ವಿತರಣೆಯ ಭಾಷಣಗಳು.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತೂ ಇದೆ. ರಾಕೆಟ್ಟಿನ ವಿದ್ಯೆ ರಕ್ಷಣೆಗೆ ಸಂಬಂಧಿಸಿದ್ದು; ಎಲ್ಲವನ್ನೂ ಬಿಚ್ಚಿಡುವುದು ವಿವೇಕವಲ್ಲ. ಒಪ್ಪಬೇಕಾದ ಮಾತೇ. ಆದರೆ ಕವಾಟದ ಅಳತೆಯನ್ನು ಮರೆಮಾಡುವುದು ಬೇರೆ, ತೀರ್ಮಾನ ಹೇಗಾಯಿತೆಂಬುದನ್ನು ಮರೆಮಾಡುವುದು ಬೇರೆ. ಅಮೆರಿಕದವರಿಗೂ ರಹಸ್ಯಗಳಿವೆ. ಆದರೂ 1986ರಲ್ಲಿ ಚಾಲೆಂಜರ್ ಏಳು ಜನರೊಡನೆ ಸಿಡಿದಾಗ ಆಯೋಗದ ವರದಿ ಪ್ರಕಟವಾಯಿತು. ಅದರ ಸದಸ್ಯ, ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ಆಡಳಿತ ತನಗೆ ತಾನೇ ಹೇಳಿಕೊಂಡ ಸುಳ್ಳುಗಳನ್ನು ಎತ್ತಿ ತೋರಿಸುವ ಅನುಬಂಧವನ್ನೇ ಬರೆದರು. 2003ರಲ್ಲಿ ಕೊಲಂಬಿಯಾ ನಾಶವಾದಾಗ ತನಿಖಾ ಮಂಡಲಿ ಹೇಳಿದುದು ಇನ್ನೂ ದೊಡ್ಡ ಮಾತು: ಕಳಚಿ ಬಿದ್ದ ನೊರೆಯ ತುಂಡು ಎಷ್ಟು ಕಾರಣವೋ ಸಂಸ್ಥೆಯ ನಡವಳಿಕೆಯೂ ಅಷ್ಟೇ ಕಾರಣ. ಕೆಳಗಿನ ಇಂಜಿನಿಯರನ ಆತಂಕ ಮೇಲಿನವರ ಕಿವಿಗೆ ಏಕೆ ತಲಪಲಿಲ್ಲವೆಂಬುದನ್ನು ಆ ವರದಿ ವಿಚಾರಿಸುತ್ತದೆ. ಇಪ್ಪತ್ತೊಂದನೆಯ ಶತಮಾನದ ಒಳ್ಳೆಯ ಗದ್ಯದಲ್ಲಿ ಅದನ್ನು ಸೇರಿಸಲು ನನಗೆ ಸಂಕೋಚವಿಲ್ಲ. ಅದರಲ್ಲಿ ನಾಯಕನಿಲ್ಲ, ಖಳನಾಯಕನಿಲ್ಲ. ಅನೇಕ ಒಳ್ಳೆಯ ಜನ ಕೂಡಿ ಒಂದು ಕೆಟ್ಟ ತೀರ್ಮಾನಕ್ಕೆ ಬರುವುದು ಹೇಗೆಂಬ ದಾರುಣವಾದ ಕಥೆ ಇದೆ.

ನಮ್ಮ ಸಂಸ್ಥೆ ಈಗ ಮಾನವನನ್ನು ಆಕಾಶಕ್ಕೆ ಕಳಿಸುವ ಸಿದ್ಧತೆಯಲ್ಲಿದೆ. 2019ರಲ್ಲಿ ವಾಣಿಜ್ಯಕ್ಕಾಗಿ ಒಂದು ಕಂಪೆನಿಯನ್ನೂ 2020ರಲ್ಲಿ ಖಾಸಗಿಯವರಿಗೆ ಅನುಮತಿ ಕೊಡುವ ಮಂಡಲಿಯನ್ನೂ ಸರ್ಕಾರ ಬೇರೆ ಮಾಡಿತು. ಹಳೆಯ ಮೈಕಟ್ಟು ಬದಲಾಗುತ್ತಿದೆ. ಸಮುದ್ರಕ್ಕೆ ಬಿದ್ದ ರಾಕೆಟ್ಟಿಗೆ ಅಳುವವರಿರಲಿಲ್ಲ. ಇನ್ನು ಮೇಲೆ ಅದರಲ್ಲಿ ಮನುಷ್ಯನಿರುತ್ತಾನೆ. ಅಂಥ ದಿನ ಬಂದಾಗ, ತಪ್ಪನ್ನು ತಪ್ಪೆಂದು ಕೇಳಿಸಿಕೊಳ್ಳುವ ಕಿವಿ ಈ ನಾಡಿಗೆ ಇರಬೇಡವೆ? ಅದು ಒಂದೇ ದಿನದಲ್ಲಿ ಬರುವುದಿಲ್ಲ. ಓದಿ ಓದಿ ಬರಬೇಕಾದ ಅಭ್ಯಾಸ.

ಆದುದರಿಂದ ನಮಗೆ ಬೇಕಾಗಿರುವುದು ಮತ್ತೊಂದು ಸ್ತೋತ್ರವಲ್ಲ. 1993ರ ಸೆಪ್ಟೆಂಬರಿನಲ್ಲಿ ಬಿದ್ದ ಪಿಎಸ್‌ಎಲ್‌ವಿಯ ಮೊದಲ ಹಾರಾಟಕ್ಕೂ 1994ರ ಅಕ್ಟೋಬರಿನಲ್ಲಿ ಗೆದ್ದ ಎರಡನೆಯ ಹಾರಾಟಕ್ಕೂ ನಡುವಿನ ಹದಿಮೂರು ತಿಂಗಳಲ್ಲಿ, ಒಂದು ಕೋಣೆಯಲ್ಲಿ ಕೂಡಿ ಕುಳಿತ ಜನ ಒಬ್ಬರಿಗೊಬ್ಬರು ಏನು ಹೇಳಿದರು, ಯಾರು ಸಿಟ್ಟಾದರು, ಯಾರು ಒಪ್ಪಿದರು, ಯಾರ ಮಾತನ್ನು ಮೊದಲು ತಳ್ಳಿಹಾಕಿ ಆಮೇಲೆ ಸರಿಯೆಂದು ಕಂಡರು ಎಂಬುದನ್ನು ಹೇಳುವ ಒಂದು ಪುಸ್ತಕ. ನಿರ್ದೇಶಕನ ಪಕ್ಕದಲ್ಲಿ ತಪಾಸಣೆಗಾರನಿಗೂ ಒಂದು ಕುರ್ಚಿ ಹಾಕುವ ಪುಸ್ತಕ. ಅದನ್ನು ಒಳಗಿದ್ದು ಬಂದ ಕನ್ನಡಿಗರಲ್ಲಿ ಯಾರಾದರೂ ಕನ್ನಡದಲ್ಲಿಯೇ ಬರೆದರೆ ನಮ್ಮ ಗದ್ಯ ಒಂದು ಹೊಸ ಕೆಲಸವನ್ನು ಕಲಿತೀತು. ಹಾಗೆ ಬರೆದವರನ್ನು ಪುಸ್ತಕ ಹಿಂತೆಗೆದುಕೊಳ್ಳುವಂತೆ ಮಾಡದಿರುವುದು ನಮ್ಮ ಪಾಲಿನ ಹೊಣೆ.